ಅಂಗನವಾಡಿಗೆ ಎರಡನೇ ಟೀಚರ್: ಖರ್ಚೆಷ್ಟು, ಗಿಟ್ಟುವುದೇನು?

(ಗ್ರಾಮ ಪಂಚಾಯಿತಿ ಸದಸ್ಯರು, ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪುಟ್ಟ ಮಕ್ಕಳ ಶಿಕ್ಷಣಕ್ಕೆ ಸರ್ಕಾರ ದುಡ್ಡು ಹಾಕಬೇಕು ಅನ್ನುವವರು ಮಾತು ಶುರುಮಾಡುವುದೇ ಒಂದು ಲೆಕ್ಕದಿಂದ: ಇವತ್ತು ಒಂದು ರೂಪಾಯಿ ಹಾಕಿ, ನಾಳೆ ಏಳು ರೂಪಾಯಿ ಬರುತ್ತದೆ. ವೇದಿಕೆಗಳಲ್ಲಿ ನೀವೂ ಕೇಳಿರುತ್ತೀರಿ. ಸರ್ಕಾರ ದುಡ್ಡು ಹಾಕಲೇಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಈ ಏಳು ರೂಪಾಯಿ ಎಲ್ಲಿಂದ ಬಂತು ಎಂದು ಕೇಳದೆ ನಂಬಿ ಕೂತರೆ ದುಡ್ಡು ಸೇರಬೇಕಾದ ಕಡೆ ಸೇರುವುದಿಲ್ಲ. ನಮ್ಮಲ್ಲಿ ಆಗುತ್ತಿರುವುದೂ ಅದೇ ಅನ್ನುವುದು ನನ್ನ ತಕರಾರು.

ಆ ಲೆಕ್ಕದ ಮೂಲ ಅಮೆರಿಕದಲ್ಲಿದೆ. ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಎಂಬ ಊರಿನ ಪೆರಿ ಶಾಲೆಯಲ್ಲಿ 1962ರಲ್ಲಿ ಒಂದು ಪ್ರಯೋಗ ಶುರುವಾಯಿತು. ಬಡ ಕಪ್ಪು ಕುಟುಂಬಗಳ 123 ಮಕ್ಕಳನ್ನು ತೆಗೆದುಕೊಂಡು, 58 ಮಕ್ಕಳನ್ನು ಮೂರು-ನಾಲ್ಕು ವರ್ಷದ ವಯಸ್ಸಿನಲ್ಲಿ ಶಾಲಾಪೂರ್ವ ತರಗತಿಗೆ ಸೇರಿಸಿದರು. ಉಳಿದ 65 ಮಕ್ಕಳು ಮನೆಯಲ್ಲೇ ಉಳಿದರು. ಆಮೇಲೆ ಈ ಎರಡೂ ಗುಂಪಿನವರ ಬೆನ್ನು ಬಿಡದೆ, ಅವರಿಗೆ ನಲವತ್ತು ತುಂಬಿದ ಮೇಲೂ ಮಾಹಿತಿ ಕಲೆಹಾಕಿದರು. ತರಗತಿಗೆ ಹೋದ ಮಕ್ಕಳ ಬುದ್ಧಿಮಾಪನದ ಅಂಕಗಳು ಮೊದಲು ಜಿಗಿದು, ಕೆಲವೇ ವರ್ಷಗಳಲ್ಲಿ ಮತ್ತೊಂದು ಗುಂಪಿನ ಮಟ್ಟಕ್ಕೇ ಬಂದು ನಿಂತವು. ಅಲ್ಲಿಗೇ ಫೈಲು ಮುಚ್ಚಿದ್ದರೆ ಪ್ರಯೋಗ ಸೋತಿತು ಎಂದೇ ಬರೆದಿಡುತ್ತಿದ್ದರು. ದೊಡ್ಡವರಾದ ಮೇಲೆ ನೋಡಿದರೆ ಈ 58 ಮಂದಿಯಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ದುಡಿಮೆ ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಇದನ್ನೆಲ್ಲ ಹಣದಲ್ಲಿ ಅಳೆದು ಮಾಡಿದ್ದೇ ಆ ಏಳು ರೂಪಾಯಿಯ ಲೆಕ್ಕ. ಅರ್ಥಶಾಸ್ತ್ರದ ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಮತ್ತವರ ಜೊತೆಗಾರರು ಈ ಮಾಹಿತಿಯನ್ನು ಮತ್ತೆ ಜಾಲಾಡಿ, ಹಾಕಿದ ಹಣಕ್ಕೆ ವರ್ಷಕ್ಕೆ ಶೇ. 7ರಿಂದ 10ರಷ್ಟು ಪ್ರತಿಫಲ ಬಂದಿದೆ ಎಂದರು.

ಈಗ ಅದರ ಒಳಗೆ ಇಣುಕೋಣ. ಪೆರಿ ತರಗತಿಯಲ್ಲಿ ಆರೇಳು ಮಕ್ಕಳಿಗೆ ಒಬ್ಬ ಟೀಚರ್. ಅವರೆಲ್ಲ ಶಿಕ್ಷಕ ತರಬೇತಿ ಆದವರು. ಬೆಳಿಗ್ಗೆ ಎರಡೂವರೆ ಗಂಟೆ ತರಗತಿ. ಅದಲ್ಲದೆ ವಾರಕ್ಕೊಮ್ಮೆ ಟೀಚರ್ ಮಗುವಿನ ಮನೆಗೇ ಹೋಗಿ, ತಾಯಿಯ ಜೊತೆ ಒಂದೂವರೆ ಗಂಟೆ ಕೂರುತ್ತಿದ್ದರು. ಇನ್ನೊಂದು ವಿಷಯವನ್ನು ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ: ಆ ಏಳು ರೂಪಾಯಿಯಲ್ಲಿ ದೊಡ್ಡ ಪಾಲು ಆ ಮಕ್ಕಳ ಸಂಬಳದಿಂದ ಬಂದದ್ದಲ್ಲ. ಹುಡುಗರು ಬೆಳೆದ ಮೇಲೆ ಅಪರಾಧ ಕಡಿಮೆಯಾಗಿ, ಕೋರ್ಟು, ಜೈಲಿನ ಖರ್ಚು, ಅಪರಾಧಕ್ಕೆ ಸಿಕ್ಕವರ ನಷ್ಟ ತಪ್ಪಿತಲ್ಲ, ಅದರ ಬೆಲೆ. ಅಮೆರಿಕದಲ್ಲಿ ಒಬ್ಬನನ್ನು ಜೈಲಿನಲ್ಲಿಡಲು ಆಗುವ ಖರ್ಚೇ ಬೇರೆ, ನಮ್ಮ ಹಳ್ಳಿಯ ಲೆಕ್ಕವೇ ಬೇರೆ. ಹಾಗಾಗಿ ಏಳು ರೂಪಾಯಿಯನ್ನು ಅಲ್ಲಿಂದ ಕಿತ್ತು ತಂದು ಇಲ್ಲಿ ನೆಟ್ಟರೆ ಬೇರು ಬಿಡುವುದಿಲ್ಲ.

ಅಮೆರಿಕದಲ್ಲೇ ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಇದೆ. ಟೆನ್ನೆಸ್ಸಿ ರಾಜ್ಯ ಬಡ ಮಕ್ಕಳಿಗಾಗಿ ನಾಲ್ಕನೇ ವಯಸ್ಸಿನ ತರಗತಿಗಳನ್ನು ದೊಡ್ಡ ಮಟ್ಟದಲ್ಲಿ ನಡೆಸಿತು. ಅರ್ಜಿ ಹಾಕಿದವರು ಹೆಚ್ಚಾಗಿದ್ದ ಕಡೆ ಚೀಟಿ ಎತ್ತಿ ಸೀಟು ಕೊಟ್ಟಿದ್ದರಿಂದ ಸೀಟು ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಬಹುದಾಗಿತ್ತು. ಸುಮಾರು ಮೂರು ಸಾವಿರ ಮಕ್ಕಳ ಈ ಅಧ್ಯಯನದ 2022ರ ವರದಿಯಲ್ಲಿ ಬಂದದ್ದೇನು? ಆರನೇ ತರಗತಿಗೆ ಬರುವ ಹೊತ್ತಿಗೆ ಸೀಟು ಸಿಕ್ಕ ಮಕ್ಕಳೇ ಪರೀಕ್ಷೆಯಲ್ಲಿ ಹಿಂದೆ, ಶಿಸ್ತಿನ ದೂರುಗಳಲ್ಲಿ ಮುಂದೆ. ಸುಮ್ಮನೆ ಒಂದು ಕೋಣೆ, ಒಂದು ಬೋರ್ಡು, ಸಾಲಾಗಿ ಕೂರಿಸಿ ಅಕ್ಷರ ಹೇಳಿಸುವುದು, ಇಷ್ಟಕ್ಕೆ ಹಣ ಹಾಕಿದರೆ ಲಾಭವೇ ಬರಬೇಕೆಂದಿಲ್ಲ, ನಷ್ಟವೂ ಆಗಬಹುದು. ಅದೇ ದೇಶದ ಬಾಸ್ಟನ್ ನಗರದಲ್ಲಿ, ಹಾಗೆಯೇ ಚೀಟಿ ಎತ್ತಿ ಸೇರಿಸಿಕೊಂಡ ಮಕ್ಕಳ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಆದರೆ ಕಾಲೇಜು ಸೇರಿದವರ ಪ್ರಮಾಣ ಗಣನೀಯವಾಗಿ ಏರಿತು. ಕೆನಡಾದ ಕ್ವಿಬೆಕ್‌ನಲ್ಲಿ 1997ರಿಂದ ದಿನಕ್ಕೆ ಐದು ಡಾಲರಿಗೆ ಮಕ್ಕಳ ಆರೈಕೆ ಕೇಂದ್ರ ಸಿಗುವಂತೆ ಮಾಡಿದರು. ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋದರು. ಮಕ್ಕಳ ನಡವಳಿಕೆ ಮಾತ್ರ ಕೆಟ್ಟಿತು ಎಂದು ಕೆಲವು ಅರ್ಥಶಾಸ್ತ್ರಜ್ಞರು ಅಂಕಿ-ಅಂಶ ಮುಂದಿಟ್ಟರು. ಅದರ ಬಗ್ಗೆ ವಾದ ಇನ್ನೂ ನಿಂತಿಲ್ಲ.

ಹೊರಗಿನ ಮಾತು ಸಾಕು, ನಮ್ಮೂರಿಗೆ ಬರೋಣ.

ನಮ್ಮಲ್ಲಿ ಸರ್ಕಾರಿ ಶಾಲಾಪೂರ್ವ ಶಿಕ್ಷಣ ಅಂದರೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕಕ್ಕೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಐವತ್ತು ವರ್ಷ ಆಯಿತು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಬಸ್ಸು ಹೋಗದ ಹಾಡಿ, ತಾಂಡಾಗಳಲ್ಲೂ ಇದೆ. ಇಷ್ಟು ಹತ್ತಿರದಲ್ಲಿ, ಮಗು ನಡೆದು ಹೋಗುವಷ್ಟು ದೂರದಲ್ಲಿ, ಸರ್ಕಾರದ ಬೇರೆ ಯಾವ ಸಂಸ್ಥೆಯೂ ಇಲ್ಲ. ಆದರೆ ಅಂಗನವಾಡಿಗೆ ವಹಿಸಿದ ಕೆಲಸ ಒಂದಲ್ಲ, ಆರು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಮತ್ತು ಶಾಲಾಪೂರ್ವ ಶಿಕ್ಷಣ. ದಿನಚರಿಯಲ್ಲಿ ಶಿಕ್ಷಣಕ್ಕೆ ಸಿಗುವುದು ಕೊನೆಯ ಜಾಗ.

ಒಂದು ಕೇಂದ್ರದ ಬೆಳಗ್ಗೆ ಹತ್ತೂವರೆಯ ಹೊತ್ತು ಹೇಗಿರುತ್ತದೆ ಎಂದು ಇಲ್ಲಿರುವ ಕಾರ್ಯಕರ್ತೆಯರಿಗೆ ನಾನು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಪ್ರಾರ್ಥನೆ ಆಗಿದೆ, ಹಾಲು ಕುಡಿದಾಗಿದೆ. ಮಕ್ಕಳು ಚಾಪೆಯ ಮೇಲೆ ದುಂಡಗೆ ಕೂತಿದ್ದಾರೆ. ಟೀಚರ್ ಅವರೆಕಾಳು, ಹುಣಸೆಬೀಜ, ಹುರುಳಿ ಮೂರನ್ನೂ ಬೆರೆಸಿ ತಟ್ಟೆಗೆ ಹಾಕಿ ಬೇರೆ ಬೇರೆ ಮಾಡಲು ಕೊಟ್ಟಿದ್ದಾರೆ. ಬಹಳ ಒಳ್ಳೆಯ ಚಟುವಟಿಕೆ ಅದು. ವಿಂಗಡಿಸುವುದು, ಎಣಿಸುವುದು, ಬೆರಳುಗಳ ಹಿಡಿತ, ಪಕ್ಕದವನ ಕಾಳು ಕಿತ್ತುಕೊಳ್ಳದೆ ಇರುವುದು, ಎಲ್ಲವೂ ಅದರಲ್ಲಿದೆ. ಟೀಚರ್ ಒಂದು ಮಗುವಿನ ಮುಂದೆ ಕೂತು ‘ಇದ್ಯಾಕೆ ಆ ಗುಡ್ಡೆಗೆ ಹೋಯ್ತು ಪುಟ್ಟಾ?’ ಅಂತ ಕೇಳುತ್ತಿದ್ದಾರೆ. ಆ ಮಗು ಉತ್ತರ ಹುಡುಕುತ್ತಿದೆ. ಅಷ್ಟರಲ್ಲಿ ಬಾಗಿಲಲ್ಲಿ ಕಂಕುಳಲ್ಲಿ ಕೂಸಿಟ್ಟುಕೊಂಡ ತಾಯಿ. ರೇಷನ್ ಬೇಕು. ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತೆರೆದು ತಾಯಿಯ ಮುಖ ಗುರುತು ಹಿಡಿಸಬೇಕು. ನೆಟ್‌ವರ್ಕ್ ಇಲ್ಲ. ಟೀಚರ್ ಮತ್ತು ತಾಯಿ ಇಬ್ಬರೂ ಅಂಗಳಕ್ಕೆ ಹೋಗಿ ಫೋನನ್ನು ಮೇಲೆತ್ತಿ ಹಿಡಿದಿದ್ದಾರೆ. ಸಹಾಯಕಿ ಒಳಗೆ ಕುಕ್ಕರಿನ ಮುಂದೆ. ಇತ್ತ ಚಾಪೆಯ ಮೇಲೆ ಒಬ್ಬ ಹುಣಸೆಬೀಜ ಮೂಗಿಗೆ ಹಾಕಿಕೊಂಡ. ಅಲ್ಲಿಗೆ ಅವತ್ತಿನ ಶಾಲಾಪೂರ್ವ ಶಿಕ್ಷಣ ಮುಗಿಯಿತು.

ಇದರಲ್ಲಿ ಟೀಚರ್ ತಪ್ಪೇನಿದೆ? ತಾಯಿಗೆ ರೇಷನ್ ಕೊಡುವುದೂ ಅವರ ಕೆಲಸವೇ. ಮತದಾರರ ಪಟ್ಟಿ, ಸಮೀಕ್ಷೆ, ತಾಲ್ಲೂಕು ಕಚೇರಿಯ ಸಭೆ, ಇವಕ್ಕೆಲ್ಲ ಮೊದಲು ನೆನಪಾಗುವುದೂ ಅವರೇ. ಇಷ್ಟಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗೌರವಧನ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ, ಆದ್ದರಿಂದ ನಮ್ಮಲ್ಲಿ ಕೈಗೆ ಬರುವುದು ಇದಕ್ಕಿಂತ ಹೆಚ್ಚು. ಆದರೂ ಅದು ಸಂಬಳವಲ್ಲ, ಗೌರವಧನ. ಇವರಿಗೆ ಗ್ರಾಚ್ಯುಟಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ಅಂಗನವಾಡಿ ಕಡಿಮೆ ಖರ್ಚಿನ ಯೋಜನೆ ಎಂದು ನಾವು ಹೆಮ್ಮೆಪಡುತ್ತೇವಲ್ಲ, ಆ ಕಡಿಮೆ ಹೇಗಾಯಿತು? ಖರ್ಚಿನ ಒಂದು ಭಾಗವನ್ನು ಈ ಹೆಣ್ಣುಮಕ್ಕಳು ತಮ್ಮ ಮೈಮೇಲೆ ಹೊತ್ತಿದ್ದಾರೆ. ಇನ್ನೊಂದು ಭಾಗವನ್ನು, ಉತ್ತರ ಹುಡುಕುತ್ತಿದ್ದಾಗ ಟೀಚರ್ ಎದ್ದು ಹೋದರಲ್ಲ, ಆ ಮಗು ಹೊತ್ತಿದೆ. ಸರ್ಕಾರದ ಲೆಕ್ಕಪತ್ರದಲ್ಲಿ ಎರಡೂ ಕಾಣುವುದಿಲ್ಲ.

ಪರಿಹಾರ ಏನು ಅನ್ನುವುದಕ್ಕೆ ಪಕ್ಕದ ಮನೆಯಲ್ಲೇ ಉತ್ತರ ಇದೆ. ತಮಿಳುನಾಡಿನಲ್ಲಿ ಕಾರ್ತಿಕ್ ಮುರಳೀಧರನ್, ಅಲೆಹಾಂಡ್ರೊ ಗಾನಿಮಿಯನ್ ಮತ್ತು ಕ್ರಿಸ್ಟೋಫರ್ ವಾಲ್ಟರ್ಸ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಸರ್ಕಾರದ ಜೊತೆ ಸೇರಿ 320 ಅಂಗನವಾಡಿಗಳನ್ನು ಆರಿಸಿಕೊಂಡರು. ಅರ್ಧದಷ್ಟು ಕೇಂದ್ರಗಳಿಗೆ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಅವರು ಅರ್ಧ ದಿನಕ್ಕೆ ಮಾತ್ರ, ಪಾಠ-ಆಟಕ್ಕೆ ಮಾತ್ರ. ಹೊಸ ಕಟ್ಟಡ ಕಟ್ಟಲಿಲ್ಲ, ಟ್ಯಾಬ್ ಹಂಚಲಿಲ್ಲ. ಸುಮಾರು ಒಂದೂವರೆ ವರ್ಷದ ಮೇಲೆ ನೋಡಿದರೆ ಮಕ್ಕಳಿಗೆ ಕಲಿಕೆಗೆ ಸಿಗುವ ಹೊತ್ತು ದುಪ್ಪಟ್ಟಾಗಿತ್ತು. ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದಿದ್ದರು. ನನಗೆ ಇಷ್ಟವಾದ ಭಾಗ ಮುಂದಿನದು: ಹಳೆಯ ಕಾರ್ಯಕರ್ತೆಗೆ ಈಗ ಪೌಷ್ಟಿಕತೆಯ ಕೆಲಸಕ್ಕೆ ಬಿಡುವಾಗಿದ್ದರಿಂದ ಕುಂಠಿತ ಬೆಳವಣಿಗೆಯ ಮಕ್ಕಳೂ ತೀವ್ರ ಅಪೌಷ್ಟಿಕತೆಯ ಮಕ್ಕಳೂ ಕಡಿಮೆಯಾದರು. ಪಾಠಕ್ಕೆಂದು ಹಾಕಿದ ದುಡ್ಡು ಊಟದ ಕೆಲಸವನ್ನೂ ಸರಿಮಾಡಿತು. ಇವರ ಅಂದಾಜಿನಲ್ಲಿ ಲಾಭ ಖರ್ಚಿನ 13ರಿಂದ 21 ಪಟ್ಟು.

ಏಳು ರೂಪಾಯಿಯನ್ನು ಅನುಮಾನಿಸಿ ಇಪ್ಪತ್ತೊಂದನ್ನು ಕಣ್ಣುಮುಚ್ಚಿ ಒಪ್ಪಿದರೆ ನ್ಯಾಯವಲ್ಲ. ಈ ಮಕ್ಕಳಿನ್ನೂ ದುಡಿಯಲು ಹೋಗಿಲ್ಲ. ಇವತ್ತಿನ ಕಲಿಕೆಯಿಂದ ನಾಳೆಯ ಸಂಪಾದನೆ ಎಷ್ಟಾದೀತು ಎಂದು ಊಹಿಸಿ ಮಾಡಿದ ಲೆಕ್ಕ ಇದು. ಕೇಂದ್ರಕ್ಕೆ ಬರುವ ಮಕ್ಕಳನ್ನಷ್ಟೇ ಅಲ್ಲದೆ, ಮನೆಮನೆಗೆ ಹೋಗಿ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದಾಗ ಸಿಕ್ಕ ಸುಧಾರಣೆ ಚಿಕ್ಕದು. ಲಾಭವನ್ನು ಅರ್ಧಕ್ಕಿಳಿಸಿ, ಇನ್ನೂ ಅರ್ಧಕ್ಕಿಳಿಸಿ. ಆದರೂ ಖರ್ಚಿಗಿಂತ ಮೂರು ಪಟ್ಟು ಮೇಲೇ ಉಳಿಯುತ್ತದೆ.

ನಮ್ಮ ರಾಜ್ಯಕ್ಕೆ ಇದರ ಖರ್ಚು ಎಷ್ಟು? ಲೆಕ್ಕ ಸುಲಭವಾಗಲೆಂದು 66 ಸಾವಿರ ಕೇಂದ್ರ ಅಂತಿಟ್ಟುಕೊಳ್ಳಿ. ಅರ್ಧ ದಿನದ ಟೀಚರಿಗೆ ತಿಂಗಳಿಗೆ 8,000 ರೂಪಾಯಿ ಕೊಟ್ಟರೆ ವರ್ಷಕ್ಕೆ ಸುಮಾರು 634 ಕೋಟಿ. ಅಷ್ಟು ಕಡಿಮೆ ಕೊಡುವುದು ನನಗೆ ಒಪ್ಪಿಗೆಯಿಲ್ಲ, 15,000 ಕೊಡಿ. 1,188 ಕೋಟಿ ಆಗುತ್ತದೆ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಮೂವತ್ತು ಪೈಸೆಗಿಂತ ಕಡಿಮೆ. ತರಬೇತಿ, ಮೇಲ್ವಿಚಾರಣೆ ಸೇರಿಸಿದರೂ ಅರ್ಧ ರೂಪಾಯಿ ದಾಟುವುದಿಲ್ಲ.

ದುಡ್ಡೇ ಇಲ್ಲ ಅನ್ನುವವರಿಗೆ ಹಳೆಯ ಕಥೆಯೊಂದಿದೆ. ಶಿಕ್ಷಣ ಹಕ್ಕು ಕಾಯ್ದೆಯ ಕೆಳಗೆ ಖಾಸಗಿ ಶಾಲೆಗೆ ಎಲ್‌ಕೆಜಿಗೆ ಸೇರಿದ ಬಡ ಮಗುವಿಗೆ ನಮ್ಮ ಸರ್ಕಾರ ವರ್ಷಕ್ಕೆ ಗರಿಷ್ಠ 8,000 ರೂಪಾಯಿಯವರೆಗೆ ಆ ಶಾಲೆಗೆ ಭರಿಸುತ್ತಿತ್ತು. ಮಗುವಿನ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಇಪ್ಪತ್ತು ಮಕ್ಕಳಿಗೆ ಆ ದರದಲ್ಲಿ 1 ಲಕ್ಷ 60 ಸಾವಿರ ಆಯಿತು, ತಿಂಗಳಿಗೆ ಹದಿಮೂರು ಸಾವಿರ ಚಿಲ್ಲರೆ. ಇಪ್ಪತ್ತು ಮಕ್ಕಳಿರುವ ಒಂದು ಅಂಗನವಾಡಿಗೆ ಎರಡನೇ ಟೀಚರನ್ನು ಇಡುವ ಖರ್ಚು ಹೆಚ್ಚುಕಡಿಮೆ ಅಷ್ಟೇ. ಒಂದು ಬಾಗಿಲಲ್ಲಿ ಸಲೀಸಾಗಿ ಹೋದ ಹಣ ಇನ್ನೊಂದು ಬಾಗಿಲಿಗೆ ಬಂದಾಗ ಮಾತ್ರ ಹೊರೆಯಾಗಿ ಕಾಣುತ್ತದೆ.

ಕಾನೂನಿನಲ್ಲೂ ಒಂದು ತೊಡಕಿದೆ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ ಬಂದಾಗ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ಆರು ತುಂಬದವರನ್ನು 45ನೇ ವಿಧಿಗೆ, ಅಂದರೆ ರಾಜ್ಯವು ಪ್ರಯತ್ನಿಸತಕ್ಕದ್ದು ಅನ್ನುವ ನಿರ್ದೇಶಕ ತತ್ವಗಳಿಗೆ, ಬಿಟ್ಟರು. ಮಗು ಏಳರ ವಯಸ್ಸಿನಲ್ಲಿ ಶಾಲೆಗಾಗಿ ಕೋರ್ಟಿಗೆ ಹೋಗಬಹುದು, ನಾಲ್ಕರಲ್ಲಿ ಹೋಗುವಂತಿಲ್ಲ. ಆದ್ದರಿಂದಲೇ ಇಲ್ಲಿ ಎಲ್ಲವೂ ಆಯಾ ಸರ್ಕಾರದ ಮನಸ್ಸಿನ ಮೇಲೆ, ಆಯಾ ವರ್ಷದ ಬಜೆಟ್ಟಿನ ಮೇಲೆ ನಿಂತಿರುವುದು.

ಈಗ ಎಲ್‌ಕೆಜಿ-ಯುಕೆಜಿ ಜಗಳಕ್ಕೆ ಬರುತ್ತೇನೆ, ನೀವೆಲ್ಲ ಕಾಯುತ್ತಿರುವುದು ಗೊತ್ತು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳು ಮೊದಲೇ ಇದ್ದವು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಎಲ್‌ಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮೂರು ದಾಟಿದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು ಅನ್ನುವುದು ಅವರ ಪ್ರಶ್ನೆ. ಆಮೇಲೆ ಅಂಗನವಾಡಿಗಳಲ್ಲೇ ಸರ್ಕಾರಿ ಮಾಂಟೆಸ್ಸರಿ ಎಂದು ಎಲ್‌ಕೆಜಿ ಶುರುಮಾಡಿದರು. ಪತ್ರಿಕೆಗಳು ಇದನ್ನು ಎರಡು ಇಲಾಖೆಗಳ ಹಗ್ಗಜಗ್ಗಾಟ ಎಂದು ಬರೆದವು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬೋರ್ಡು ಯಾವುದಿರಲಿ, ಯಾವ ಇಲಾಖೆಯದಿರಲಿ, ಬೆಳಗ್ಗೆ ಎರಡು ಗಂಟೆ ಒಬ್ಬ ದೊಡ್ಡವರು ಬೇರೆ ಯಾವ ಕೆಲಸಕ್ಕೂ ಏಳದೆ ಮಕ್ಕಳ ಜೊತೆ ಕೂರುತ್ತಾರೆಯೇ? ಕೂರುವುದಾದರೆ ದುಡ್ಡು ಕೊಡಿ. ಇಲ್ಲದಿದ್ದರೆ ಅಂಗನವಾಡಿಗೆ ಕೊಟ್ಟರೂ ದಂಡ, ಶಾಲೆಗೆ ಕೊಟ್ಟರೂ ದಂಡ. ಅಸ್ಸಾಂ, ರಾಜಸ್ಥಾನ, ತೆಲಂಗಾಣದಲ್ಲಿ ಹದಿನಾಲ್ಕು ಸಾವಿರ ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ ಸರ್ಕಾರಿ ಕೇಂದ್ರವೂ ಖಾಸಗಿ ಎಲ್‌ಕೆಜಿಯೂ ಆ ವಯಸ್ಸಿಗೆ ಬೇಕಾದದ್ದನ್ನು ಕೊಡುತ್ತಿರಲಿಲ್ಲ. ಒಂದು ಕಡೆ ಏನೂ ಕಲಿಸುತ್ತಿರಲಿಲ್ಲ, ಇನ್ನೊಂದು ಕಡೆ ಒಂದನೇ ತರಗತಿಯ ಪಾಠವನ್ನೇ ಎರಡು ವರ್ಷ ಮೊದಲು ಗಿಳಿಪಾಠ ಮಾಡಿಸುತ್ತಿದ್ದರು.

ಈ ಎರಡು ಗಂಟೆಯನ್ನು ಅಂಗನವಾಡಿಯಲ್ಲೇ ಕೊಡಿ ಎಂದು ನಾನು ಹೇಳುವುದಕ್ಕೆ ಕಾರಣ ಭಾವನೆಯಲ್ಲ. ಊಟ, ತೂಕ, ಚುಚ್ಚುಮದ್ದು ಅಲ್ಲೇ ಇದೆ, ಮಗುವಿನ ಮನೆಗೆ ಹತ್ತಿರ ಇದೆ, ಕಟ್ಟಡಕ್ಕೆ ಹೊಸದಾಗಿ ಹಣ ಸುರಿಯಬೇಕಿಲ್ಲ. ಒಂದು ಮಾತು ಮಾತ್ರ ಅಂಗನವಾಡಿ ಸಂಘಟನೆಗಳಿಗೂ ಕಹಿಯಾದೀತು. ಎರಡನೇ ಟೀಚರನ್ನು ಕೊಟ್ಟ ಮೇಲೆ ಅವರನ್ನೂ ಸಮೀಕ್ಷೆಗೆ ಕಳಿಸಿದರೆ, ರಿಜಿಸ್ಟರ್ ಬರೆಯಲು ಕೂರಿಸಿದರೆ, ತಮಿಳುನಾಡಿನ ಫಲ ಇಲ್ಲಿ ಬರುವುದಿಲ್ಲ. ಪಾಠ ಬಿಟ್ಟು ಬೇರೆ ಕೆಲಸ ಅವರಿಗೆ ಹಚ್ಚಬಾರದು ಎಂದು ಆದೇಶದಲ್ಲೇ ಬರೆಯಬೇಕು. ಇಲಾಖೆಗೆ ಇದು ಇಷ್ಟವಾಗುವುದಿಲ್ಲ, ಖಾಲಿ ಇರುವ ಕೈ ಕಂಡರೆ ಕೆಲಸ ಹಚ್ಚುವುದು ಕಚೇರಿಗಳ ಹಳೆಯ ಚಾಳಿ.

ತಾಯಂದಿರ ದುಡಿಮೆಯ ಬಗ್ಗೆ ಎರಡು ಮಾತು. ಲಾಭದ ಪಟ್ಟಿಯಲ್ಲಿ ಇದನ್ನು ಮೊದಲು ಬರೆಯುವವರಿದ್ದಾರೆ. ನಮ್ಮಲ್ಲಿ ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸು ಮನೆ ಸೇರುವುದು ಆರೂವರೆ ಏಳಕ್ಕೆ. ಮೂರು ವರ್ಷಕ್ಕಿಂತ ಚಿಕ್ಕ ಕೂಸನ್ನಂತೂ ಅಲ್ಲಿ ದಿನವಿಡೀ ಬಿಡುವಂತಿಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಗಮನದಲ್ಲಿಟ್ಟು ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ನಾಲ್ಕು ಸಾವಿರ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ್ದು ಈ ಕೊರತೆ ಕಂಡೇ. ಆದ್ದರಿಂದ ಅಂಗನವಾಡಿ ಈಗಿರುವ ಹಾಗೇ ಇದ್ದರೆ ತಾಯಂದಿರ ಸಂಪಾದನೆ ದೊಡ್ಡದಾಗಿ ಏರುತ್ತದೆ ಎಂದು ನಾನು ಲೆಕ್ಕ ಉಬ್ಬಿಸುವುದಿಲ್ಲ.

ಪ್ರಶ್ನೆಗಳಲ್ಲಿ ಮೊದಲನೆಯದನ್ನು ಒಬ್ಬ ಹೈಸ್ಕೂಲ್ ಮೇಷ್ಟ್ರು ಕೇಳಿದರು: ‘ನೀವು ಎಷ್ಟು ಟೀಚರ್ ಕೊಟ್ಟರೂ ತಂದೆತಾಯಿಗೆ ಬೇಕಾಗಿರುವುದು ಇಂಗ್ಲಿಷ್ ಮೀಡಿಯಂ, ಟೈ, ವ್ಯಾನು. ಅಂಗನವಾಡಿಗೆ ಯಾರು ಕಳಿಸುತ್ತಾರೆ ಸಾರ್?’

ತಂದೆತಾಯಿಯನ್ನು ಆಡಿಕೊಳ್ಳುವುದು ಬೇಡ ಮೇಷ್ಟ್ರೇ. ವ್ಯಾನಿನಲ್ಲಿ ಹೋದ ಮಗು ಸಂಜೆ ಮನೆಗೆ ಬಂದು ಎರಡು ಇಂಗ್ಲಿಷ್ ಪದ್ಯ ಹೇಳುತ್ತದೆ, ಕೊಟ್ಟ ಫೀಸಿಗೆ ಏನೋ ಒಂದು ಕಣ್ಣಿಗೆ ಬೀಳುತ್ತದೆ. ಅಂಗನವಾಡಿಯಿಂದ ಬಂದ ಮಗು ಕಾಳು ವಿಂಗಡಿಸಿದ್ದನ್ನು ಮನೆಯವರಿಗೆ ಯಾರು ತೋರಿಸಿದ್ದಾರೆ? ತಿಂಗಳಿಗೊಮ್ಮೆ ತಾಯಂದಿರನ್ನು ಕರೆದು ಅವರ ಮುಂದೆಯೇ ಆ ಚಟುವಟಿಕೆ ಮಾಡಿಸಿ. ಇನ್ನು ಇಂಗ್ಲಿಷಿನ ಪದ್ಯ, ಪದ, ಹಾಡು ಅಂಗನವಾಡಿಯಲ್ಲೂ ಇರಲಿ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ನಾಲ್ಕು ವರ್ಷದ ಮಗುವಿಗೆ ‘ಇದ್ಯಾಕೆ ಆ ಗುಡ್ಡೆಗೆ ಹೋಯ್ತು’ ಎಂದು ಕೇಳುವುದು ಅದರ ಮನೆಮಾತಿನಲ್ಲೇ ಆಗಬೇಕು, ಅದು ಕನ್ನಡವೋ ಲಂಬಾಣಿಯೋ ತುಳುವೋ ಉರ್ದುವೋ. ಯೋಚನೆ ಮಾಡಿ ಉತ್ತರ ಹೇಳುವುದು ಆ ಭಾಷೆಯಲ್ಲಿ ಮಾತ್ರ ಅದಕ್ಕೆ ಸಾಧ್ಯ.

ಎರಡನೆಯದು ಪಂಚಾಯಿತಿ ಸದಸ್ಯೆಯೊಬ್ಬರದು: ‘ಎರಡನೇ ಟೀಚರ್ ಕೊಡುವುದು ಬೆಂಗಳೂರಿನ ಮಾತಾಯ್ತು. ನಮ್ಮ ಕೈಲಿ ಏನಾಗುತ್ತೆ ಹೇಳಿ.’

ಅಕ್ಕಾ, ನಿಮ್ಮ ಕೈಲಿ ಆಗುವುದು ಬಹಳ ಇದೆ. ಅಂಗನವಾಡಿಯ ಬಾಲವಿಕಾಸ ಸಮಿತಿ ಸೇರಿ ಎಷ್ಟು ತಿಂಗಳಾಯಿತು ಎಂದು ಮೊದಲು ವಿಚಾರಿಸಿ. ಅದರ ಮುಂದಿನ ಸಭೆಯಲ್ಲಿ ಒಂದೇ ತೀರ್ಮಾನ ಮಾಡಿಸಿ: ಬೆಳಗ್ಗೆ ಹತ್ತರಿಂದ ಹನ್ನೆರಡರ ತನಕ ರೇಷನ್ ಇಲ್ಲ, ರಿಜಿಸ್ಟರ್ ಇಲ್ಲ, ತಾಯಂದಿರು ಮಧ್ಯಾಹ್ನ ಎರಡರ ಮೇಲೆ ಬರಲಿ. ಊರಲ್ಲಿ ಡಂಗುರ ಹೊಡೆಸಿ, ಗೋಡೆಗೆ ಬರೆಸಿ. ನಿಮ್ಮ ಪಿಡಿಒ ಸಮೀಕ್ಷೆಯ ಕೆಲಸಕ್ಕೆ ಕಾರ್ಯಕರ್ತೆಯನ್ನು ಕರೆದರೆ ಆ ಹೊತ್ತು ಬಿಟ್ಟು ಕರೆಯಿರಿ ಎಂದು ಹೇಳುವುದಕ್ಕೆ ನಿಮಗೆ ಯಾರ ಅಪ್ಪಣೆಯೂ ಬೇಡ. ತುರ್ತಾಗಿ ಬಾಣಂತಿಯೋ ಕಾಯಿಲೆಯ ಮಗುವೋ ಬಂದರೆ ಅದು ಬೇರೆ. ಗ್ರಾಮಸಭೆ ಆದಾಗ, ಕಟ್ಟಡಕ್ಕೆ ಸುಣ್ಣ ಹೊಡೆಸಿದ್ದರ ಬಿಲ್ಲಿನ ಜೊತೆಗೆ, ಹಿಂದಿನ ತಿಂಗಳು ಎಷ್ಟು ದಿನ ಈ ಎರಡು ಗಂಟೆ ತರಗತಿ ನಡೆಯಿತು ಎಂದೂ ಕೇಳಿ. ನಡೆಯದ ದಿನ ಟೀಚರನ್ನು ಎಲ್ಲಿಗೆ ಕಳಿಸಿದ್ದರು, ಯಾರು ಕಳಿಸಿದ್ದರು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಒಂದು ಪ್ರತಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಕಚೇರಿಗೆ ಕಳಿಸಿ.